ದೊಡ್ಡಕ್ಕನ ಫೋಲ್ಡರ್

ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳಿಗೆ ಎಲ್ಲರೂ ಇಟ್ಟ ಹೆಸರು ಸಿಡಿಮದ್ದು. ಕೋಪ ಮೂಗಿನ ತುದಿಯಲ್ಲೇ ಇತ್ತು, ನಿಜ. ಇರದೆ ಏನು ಮಾಡೀತು? ಅಲ್ಲಿನ ಕಂಪ್ಯೂಟರುಗಳೆಲ್ಲ ಒಂದೇ ಡೊಮೇನಿಗೆ, ಅಂದರೆ ಒಂದೇ ಸರ್ವರಿನ ಹಿಡಿತಕ್ಕೆ, ಸೇರಿದ್ದವು. ಯಾರ ಹೆಸರು ಯಾವ ಗುಂಪಿನಲ್ಲಿದೆಯೋ ಆ ಗುಂಪಿನ ಫೋಲ್ಡರ್ ಮಾತ್ರ ಅವರಿಗೆ ತೆರೆಯುತ್ತಿತ್ತು. ಗುಂಪಿಗೆ ಸೇರಿಸಿದ ಮೇಲೆ ಒಮ್ಮೆ ಲಾಗ್ ಆಫ್ ಮಾಡಿ ಮತ್ತೆ ಬನ್ನಿ, ಆಗಲೇ ಅದು ತೆರೆಯುವುದು ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಅವರೋ, ಮಾನಿಟರ್ ಕಪ್ಪಾದರೆ ಕಂಪ್ಯೂಟರ್ ಮಲಗಿತೆಂದು ಮನೆಗೆ ಹೋಗುವ ಮಹಾನುಭಾವರು.

ಹಾಗಾಗಿ, ಹಲಗೆಯ ಮೇಲೆ ಪೆನ್ಸಿಲ್ ಹಿಡಿದು ಗೀಚುತ್ತಿದ್ದ ಕಾಲದಿಂದ ಅಲ್ಲೇ ಇದ್ದ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ನಕ್ಷೆಗಾರ್ತಿ ತಮ್ಮ ನಕ್ಷೆಗಳ ಫೋಲ್ಡರ್ ತೆರೆಯುತ್ತಿಲ್ಲ ಎಂದಾಗ ಸಿಡಿಮದ್ದು ಅವರ ಮೇಲೂ ಸಿಡಿದಳು. ಗುಂಪಿನಿಂದ ಅವರ ಹೆಸರೇ ಹೋಗಿತ್ತು. ಯಾರದೋ ಕೈತಪ್ಪು ಎಂದುಕೊಂಡು ಮತ್ತೆ ಸೇರಿಸಿ, ಸರಿಯಾಗಿ ಲಾಗ್ ಆಫ್ ಮಾಡುವುದನ್ನು ಕಲಿಯಿರಿ ಎಂದು ಗದರಿ ಬಂದಳು. ಫೋಲ್ಡರ್ ತೆರೆಯಿತು. ದೊಡ್ಡಕ್ಕ ಊಟ ಮುಗಿಸಿ ಬಂದು ಮತ್ತೆ ಕಂಪ್ಯೂಟರ್ ಹಾಕಿದರೆ ಅದೇ ಕಥೆ. ಪುನಃ ಸೇರಿಸಿದಳು, ಕಾಫಿ ಆರುವ ಮೊದಲೇ ಹೆಸರು ಮಾಯ.

ಕೈತಪ್ಪು ಹೀಗೆ ಬೆನ್ನು ಹತ್ತುವುದಿಲ್ಲ. ಸರ್ವರಿನಲ್ಲಿ ಹುಡುಕಿದಳು. ಅಲ್ಲೊಂದು ಹೊಸ ನಿಯಮ ಕೂತಿತ್ತು: ಇಂತಿಂಥವರು ಮಾತ್ರ ಈ ಗುಂಪಿನಲ್ಲಿರತಕ್ಕದ್ದು, ಬೇರೆ ಯಾರನ್ನು ಸೇರಿಸಿದರೂ ಅದು ತಾನಾಗಿ ಹೊರಗೆ ಹಾಕುತ್ತದೆ. ಆ ಪಟ್ಟಿಯಲ್ಲಿ ಬಿಟ್ಟುಹೋದದ್ದು ದೊಡ್ಡಕ್ಕನ ಹೆಸರೊಂದೇ. ಯಾಕೆಂದು ಕೇಳಿದರೆ, ನಿಯಮ ಹಾಕಿದ, ಅವಳ ಜೊತೆ ಸರ್ವರ್ ನೋಡಿಕೊಳ್ಳುವ ಸಹೋದ್ಯೋಗಿ ತಲೆ ಕೆರೆದುಕೊಂಡು ಮ್ಯಾನೇಜರ್ ಕೋಣೆಯತ್ತ ಕಣ್ಣು ಹಾಯಿಸಿದ.

ಅವಳು ಒಳಗೆ ಹೋಗಿ ಕೇಳಿದಾಗ ಮ್ಯಾನೇಜರ್ ನಯವಾಗಿಯೇ ವಿವರಿಸಿದರು. ದೊಡ್ಡಕ್ಕನನ್ನು ತೆಗೆಯುವುದೆಂದು ತೀರ್ಮಾನವಾಗಿದೆ. ಹೇಳಲು ಮನಸ್ಸು ಬರುತ್ತಿಲ್ಲ, ತಾವಾಗಿಯೇ ಬೇಸತ್ತು ಬಿಟ್ಟರೆ ಒಳ್ಳೆಯದಲ್ಲವೇ ಎಂದರು.

"ಕೇಳಿದ್ರೆ ನೆಟ್‌ವರ್ಕ್ ತೊಂದರೆ ಅಂತ ಹೇಳಿಬಿಡಮ್ಮ."

ಸಿಡಿಮದ್ದಿಗೆ ಮೈಯೆಲ್ಲ ಉರಿಯಿತು. ಹಾಲಿನಂಥ ಮಾತಿನಲ್ಲಿ ಎಷ್ಟು ವಿಷ! ಅಂಥ ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಬಾಗಿಲನ್ನು ಬಡಿದು ಹೊರಬಂದಳು.

ದೊಡ್ಡಕ್ಕ ಲಾಗ್ ಆಫ್ ಮಾಡಿ, ಒಳಗೆ ಬಂದು, ಮತ್ತೆ ಲಾಗ್ ಆಫ್ ಮಾಡುತ್ತ ಕೂತಿದ್ದರು. ಅವಳನ್ನು ಕಂಡು ಅಳುಕಿದರು.

"ನೀನು ಹೇಳಿದ ಹಾಗೇ ಮಾಡ್ತಿದೀನಿ ಕಣಮ್ಮ. ನಾನೇ ಎಲ್ಲೋ ತಪ್ಪು ಮಾಡ್ತಿರಬೇಕು."

ಬೆಳಿಗ್ಗೆ ಗದರಿದ ನಾಲಿಗೆಯನ್ನು ಕಿತ್ತುಹಾಕಬೇಕು ಅನ್ನಿಸಿತು ಅವಳಿಗೆ.

"ತಪ್ಪು ನಿಮ್ಮದಲ್ಲ ದೊಡ್ಡಕ್ಕ. ನಿಮ್ಮನ್ನ ಕೆಲಸದಿಂದ ತೆಗೀತಿದಾರೆ. ಮುಖ ನೋಡಿ ಹೇಳೋ ಧೈರ್ಯ ಇಲ್ದೆ ಕಂಪ್ಯೂಟರ್ ಕೈಲಿ ಹೇಳಿಸ್ತಿದಾರೆ. ಏಳಿ, ಅವರ ಬಾಯಿಂದಲೇ ಕೇಳೋಣ."

ದೊಡ್ಡಕ್ಕ ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, ಅವಳು ಕಲಿಸಿದಂತೆಯೇ ಲಾಗ್ ಆಫ್ ಮಾಡಿ, ಎದ್ದು ಮ್ಯಾನೇಜರ್ ಕೋಣೆಯ ಕಡೆ ನಡೆದರು.