ವ್ಯಾನಿನ ಹಾಗೆ ಕೆಮ್ಮಿ ತೋರಿಸಿ ಎಂದ ಜೋಕಿಮಣ್ಣ

ಹೊಸನಗರದ ಜೋಕಿಮಣ್ಣನ ಗ್ಯಾರೇಜಿಗೆ ಹೋದವರು ಯಾರೇ ಆಗಲಿ, ಮೊದಲು ತಮ್ಮ ಗಾಡಿಯ ಹಾಗೆ ಕೂಗಿ ತೋರಿಸಬೇಕಿತ್ತು. ಮೀಸೆ ಹೊತ್ತ ಲಾರಿ ಡ್ರೈವರುಗಳೂ ಅವರೆದುರು ನಿಂತು "ಗುರ್ರ್... ಕಟಕಟ... ಫುಸ್" ಎನ್ನುತ್ತಿದ್ದರು. ಜೋಕಿಮಣ್ಣ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು, "ಕಟಕಟ ಮೊದ್ಲೋ, ಫುಸ್ ಮೊದ್ಲೋ?" ಎಂದು ವಿಚಾರಿಸುತ್ತಿದ್ದರು. ನೆಂಟರ ಮನೆಗೆ ಹೋದ ಮಕ್ಕಳ ಹಾಗೆ ಗಾಡಿಯೂ ಗ್ಯಾರೇಜಿಗೆ ಬಂದ ಕೂಡಲೇ ಒಳ್ಳೆಯದಾಗಿಬಿಡುತ್ತದೆ, ಅದರ ನಿಜವಾದ ಬುದ್ಧಿಯನ್ನು ಮನೆಯವರ ಬಾಯಿಂದಲೇ ಕೇಳಬೇಕು ಎನ್ನುವುದು ಅವರ ವಾದ.

ಮಕ್ಕಳೇ, ನಿಮ್ಮ ಅಜ್ಜಿಯನ್ನು ನೀವು ಬಲ್ಲಿರಿ. ಊರ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ "ಹಾಜರ್ ಸಾರ್" ಎನ್ನಲು ನಾಚಿ, ಮುಂದಿನ ಬೆಂಚಿನಲ್ಲಿ ಕೂತಿದ್ದೂ ಗೈರುಹಾಜರಿ ಹಾಕಿಸಿಕೊಂಡವಳು ನಾನು. ಅಂಥವಳು ಆ ಗ್ಯಾರೇಜಿನಲ್ಲಿ, ಅಷ್ಟು ಗಂಡಸರ ನಡುವೆ, ಸೆರಗಿನಿಂದ ಅರ್ಧ ಬಾಯಿ ಮುಚ್ಚಿಕೊಂಡು ಕೆಮ್ಮಿದ್ದೇನೆ.

"ಅಕ್ಕ, ಇದು ನಿಮ್ ಕೆಮ್ಮು. ವ್ಯಾನಿಂದು ಕೆಮ್ಮಿ" ಎಂದರು ಜೋಕಿಮಣ್ಣ.

ನಿಮ್ಮ ಅಜ್ಜ ತೀರಿಹೋದ ಮೇಲೆ ಅವರ ಹಳೆಯ ಬಿಳಿ ವ್ಯಾನನ್ನು ಓಡಿಸಲು ಕಲಿತಿದ್ದೆ. ಹಪ್ಪಳ, ಉಪ್ಪಿನಕಾಯಿ ತುಂಬಿಕೊಂಡು ಒಮ್ಮೆ ಸಾಗರದ ಅಂಗಡಿಗಳಿಗೆ, ಒಮ್ಮೆ ತೀರ್ಥಹಳ್ಳಿಗೆ ಹೋಗುತ್ತಿದ್ದೆ. ವ್ಯಾನು ಆಗಾಗ ದಾರಿಯಲ್ಲಿ ನಿಂತುಬಿಡುತ್ತಿತ್ತು. ಹಾಗೆ ನಿಂತಾಗಲೆಲ್ಲ ಕರೆದುಕೊಂಡು ಬರಬೇಕಾದವನು ನನ್ನ ಮೈದುನ ಶ್ರೀಧರ. ಕೊನೆಗೆ ಅವನು ಕಟ್ಟಾಜ್ಞೆ ಹೊರಡಿಸಿದ: "ಅತ್ಗೆ, ಇನ್ನೊಂದ್ ಸಲ ನಿಂತ್ರೆ ಮಾರೋದೇ. ನಿಮ್ಗೆಲ್ಲಿಗ್ ಹೋಗ್ಬೇಕೋ ನಾ ಕರ್ಕೊಂಡ್ ಹೋಗ್ತೀನಿ." ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಮತ್ತೊಬ್ಬರಿಗೆ ಬಿಡುವಾಗುವ ತನಕ ಚೀಲ ಹಿಡಿದು ಜಗಲಿಯಲ್ಲಿ ಕಾಯುವ ಕೆಲಸವನ್ನು ನಾನು ಮೂವತ್ತು ವರ್ಷ ಮಾಡಿ ಮುಗಿಸಿದ್ದೆ. ಅದಕ್ಕೆ ಮರಳಲು ಮನಸ್ಸಿರಲಿಲ್ಲ.

ಹಾಗಾಗಿ ವ್ಯಾನಿನ ಕಾಯಿಲೆಯನ್ನು ಮುಚ್ಚಿಟ್ಟೆ. ಮುಚ್ಚಿಟ್ಟೆ ಎನ್ನುವುದಕ್ಕಿಂತ ಮೊದಮೊದಲು ನನಗೆ ತಿಳಿಯಲೇ ಇಲ್ಲ ಎನ್ನಬೇಕು. ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಘಾಟಿ ಹತ್ತುವಾಗ ಕೂತಲ್ಲೇ ಬೆಂದುಹೋಗುತ್ತಿದ್ದೆ. ವಯಸ್ಸಿನ ಉಷ್ಣ ಎಂದುಕೊಂಡು ಜೀರಿಗೆ ನೀರು, ಲಾವಂಚದ ನೀರು, ಮೆಂತೆ ನೆನೆಸಿದ ಮಜ್ಜಿಗೆ, ಎಲ್ಲ ಕುಡಿದೆ. ಕುಡಿಸಬೇಕಾದದ್ದು ಎಂಜಿನ್ನಿಗೆ, ಕುಡಿದದ್ದು ನಾನು!

ಎಂಜಿನ್ ತಣಿಸುವ ನೀರಿನ ಕೂಲೆಂಟ್ ಡಬ್ಬಿ ಖಾಲಿಯಾಗುತ್ತಿರುವುದು ಕಂಡ ಮೇಲೂ ಬುದ್ಧಿ ಬರಲಿಲ್ಲ. ರೇಡಿಯೇಟರ್ ಸೋರಿದರೆ ಚಿಟಿಕೆ ಅರಿಶಿನ ಹಾಕಿ, ತೂತು ಮುಚ್ಚುತ್ತದೆ ಎಂದು ಸಾಗರದ ಅಂಗಡಿಯವರೊಬ್ಬರು ಹೇಳಿದ್ದರು. ನನ್ನದು ಅಡುಗೆಯವಳ ಕೈ, ಚಿಟಿಕೆ ಹಾಕಲು ಮನಸ್ಸೊಪ್ಪಲಿಲ್ಲ. ಮದುವೆಯ ಹುಳಿಗೆ ಹಾಕುವಷ್ಟು ಸುರಿದೆ. ಮರುದಿನ ಬೆಳಿಗ್ಗೆ ವ್ಯಾನು ನಡುಗಿತು, ಕೆಮ್ಮಿತು, ಸ್ಟಾರ್ಟ್ ಆದ ಹಾಗೆ ಮಾಡಿ ಸತ್ತಿತು. ಹೇಗೋ ಮತ್ತೆ ಸ್ಟಾರ್ಟ್ ಮಾಡಿ ಜೋಕಿಮಣ್ಣನ ಗ್ಯಾರೇಜಿನವರೆಗೆ ಓಡಿಸಿ ತಂದೆ. ಯಾರು ಸುದ್ದಿ ಕೊಟ್ಟರೋ, ಬೆನ್ನಿಗೇ ಶ್ರೀಧರನೂ ಬಂದ.

ನಾನು ಸೆರಗು ಬಿಟ್ಟು ಸರಿಯಾಗಿ ಕೆಮ್ಮಿ ತೋರಿಸಿದ ಮೇಲೆ ಜೋಕಿಮಣ್ಣ ಕಣ್ಣು ತೆರೆದರು.

"ಬೆಳಿಗ್ಗೆ ಹೊತ್ತು ಹೊಗೆ ಎಂಥ ಬಣ್ಣ?"

"ಬಿಳಿ. ಅನ್ನ ಬೇಯೋ ಹಬೆ ಥರ."

"ನಿಲ್ಸಿದ್ ಜಾಗದಲ್ಲಿ ನೆಲ ಒದ್ದೆ ಇರುತ್ತಾ?"

"ಇಲ್ಲ. ರಟ್ಟು ಹಾಸಿ ನೋಡಿದೀನಿ. ಒಣಗಿರುತ್ತೆ."

ಎಂಜಿನ್ ತಣಿಯುವ ತನಕ ಯಾರೂ ಮುಚ್ಚಳ ಮುಟ್ಟದಂತೆ ನೋಡಿಕೊಂಡು, ಆಮೇಲೆ ರೇಡಿಯೇಟರಿನ ನೀರನ್ನು ಬಕೆಟ್ಟಿಗೆ ಬಿಟ್ಟರು. ಹಳದಿ ನೀರು ಬಂತು. ಗ್ಯಾರೇಜಿಗೆ ಗ್ಯಾರೇಜೇ ಬಗ್ಗಿ ನೋಡಿತು.

"ಅಕ್ಕ, ಇದಕ್ಕೆ ಒಗ್ಗರಣೆ ಒಂದು ಬಾಕಿ" ಎಂದರು ಜೋಕಿಮಣ್ಣ. ನನಗೆ ವ್ಯಾನಿನಡಿಗೆ ತೂರಿಕೊಳ್ಳೋಣ ಎನಿಸಿತು.

ಆಮೇಲೆ ಸಿಲಿಂಡರಿಗೊಂದರಂತೆ ಇದ್ದ ಮೂರು ಪ್ಲಗ್ಗು ಬಿಚ್ಚಿ ಅಂಗೈಯಲ್ಲಿ ಸಾಲಾಗಿ ಇಟ್ಟು ತೋರಿಸಿದರು. ಎರಡರ ಮುಖ ಮಸಿ, ಒಂದರದ್ದು ತೊಳೆದ ಹಾಗೆ ಸ್ವಚ್ಛ. ಆ ಸ್ವಚ್ಛವಾದದ್ದನ್ನೇ ಎತ್ತಿ ಹಿಡಿದರು. "ಕಳ್ಳ ಇವ್ನೇ. ನೀರು ಹೊರಗೆಲ್ಲೂ ಸೋರ್ತಿಲ್ಲ. ಎಂಜಿನ್ ಹೆಡ್ಡಿನ ಕೆಳಗೆ ನೀರು ತಡೆಯೋ ಹಾಳೆ, ಗ್ಯಾಸ್ಕೆಟ್, ಸುಟ್ಟಿದೆ, ಅಲ್ಲಿಂದ ಇಳಿದು ಇವನ ಸಿಲಿಂಡರಿಗೆ ಹೋಗ್ತಿದೆ. ರಾತ್ರಿಯೆಲ್ಲ ನೀರು ಕುಡಿದು ಮಲಗಿದೋನು ಬೆಳಿಗ್ಗೆ ಹೇಗೆ ಎದ್ದಾನು? ಅದಕ್ಕೇ ಆ ನಡುಕ, ಆ ಬಿಳಿ ಹೊಗೆ."

ಶ್ರೀಧರನಿಗೆ ಬೇಕಾದ್ದು ಸಿಕ್ಕಿತು. "ನೀವೇ ಹೇಳ್ಬಿಡಿ ಜೋಕಿಮಣ್ಣ. ಇಂಥದ್ದನ್ನ ಮಾರೋದೇ ಒಳ್ಳೇದಲ್ವಾ?"

ಜೋಕಿಮಣ್ಣ ಕೈ ಒರೆಸಿಕೊಂಡರು. "ಗ್ಯಾಸ್ಕೆಟ್ ಹಾಕಿದ್ರೆ ಓಡುತ್ತೆ. ಮಾರೋದು ಬಿಡೋದು ಓಡಿಸೋರನ್ನ ಕೇಳ್ಬೇಕು. ಹೇಳಿ ಅಕ್ಕ."

ಎಲ್ಲರೂ ನನ್ನತ್ತ ತಿರುಗಿದರು. ಆಗಷ್ಟೇ ಇಡೀ ಗ್ಯಾರೇಜಿಗೆ ಕೇಳುವಂತೆ ಕೆಮ್ಮಿದವಳಿಗೆ ಈಗ ಉಸಿರೇ ಇಲ್ಲ. ಒಮ್ಮೆ ಬಾಯಿ ತೆರೆದೆ, ಗಾಳಿ ಬಂತು. ಮತ್ತೊಮ್ಮೆ ತೆರೆದೆ, ಏನೋ ಗೊರಗೊರ ಎಂದಿತು. ಮೂರನೆಯ ಸಲಕ್ಕೆ ಸ್ಟಾರ್ಟ್ ಆದೆ.

"ಮಾರಲ್ಲ, ಶ್ರೀಧರ."

ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆನೇನೋ, ಪಕ್ಕದ ಟೀ ಅಂಗಡಿಯವನೂ ಇಣುಕಿದ. ಶ್ರೀಧರ "ಹಂಗಾದ್ರೆ ಗ್ಯಾಸ್ಕೆಟ್ ಒಳ್ಳೇದ್ ಹಾಕಿ" ಎಂದು ಜೋಕಿಮಣ್ಣನಿಗೆ ಹೇಳಿ ಹೋದ.

ವರ್ಷಗಳ ಮೇಲೆ ಜೋಕಿಮಣ್ಣನ ಮೊಣಕಾಲು ಗಾಡಿಯಡಿ ತೂರಲು ಒಪ್ಪದಾಯಿತು. ಗ್ಯಾರೇಜು ಮುಚ್ಚಿ ಮೈಸೂರಿನ ಮಗಳ ಮನೆಗೆ ಹೊರಟರು. ಮೈಸೂರಿನ ರೈಲು ಹೊರಡುವ ತಾಳಗುಪ್ಪಕ್ಕೆ ಹೋಗಿ ಅವರನ್ನು ಹತ್ತಿಸುವ ಕೆಲಸ ನಾನೇ ಕೇಳಿ ಪಡೆದೆ. ಇಡೀ ದಾರಿ ಪಕ್ಕದಲ್ಲಿ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಿದ್ದರು.

"ಹೆದ್ರಿಕೆನಾ ಜೋಕಿಮಣ್ಣ?"

"ಎಂಜಿನ್ ಮೇಲೆ ನಂಬಿಕೆ ಇದೆ ಅಕ್ಕ" ಎಂದರು. ಯಾವುದರ ಮೇಲೆ ಇಲ್ಲ ಎನ್ನುವುದನ್ನು ಹೇಳಲಿಲ್ಲ.

ನಿಲ್ದಾಣದಲ್ಲಿ ಇಳಿದವರು ವ್ಯಾನಿನ ಬಾಗಿಲನ್ನು ಎರಡು ಸಲ ತಟ್ಟಿದರು. "ಬೇಗ ಬೇಗ ಗೇರ್ ಹಾಕ್ತೀರಿ ನೀವು. ಅದೊಂದು ಮಾತ್ರ ನನ್ ಕೈಲಿ ರಿಪೇರಿ ಆಗ್ಲಿಲ್ಲ" ಎಂದು ಚೀಲ ಎತ್ತಿಕೊಂಡು ಕುಂಟುತ್ತಾ ಒಳಗೆ ಹೋದರು. ಮೈಸೂರಿನಿಂದ ಮರಳಿ ಬರಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಫೋನಿನಲ್ಲಿ ಹೇಳಿದಳು.

ಅವತ್ತು ರೈಲು ಹೋದ ಮೇಲೂ ನಾನು ವ್ಯಾನಿನಲ್ಲೇ ಕೂತಿದ್ದೆ. ಯಾರಾದರೂ ನೋಡುತ್ತಿದ್ದರೆ ನನಗೆ ರಿವರ್ಸ್ ತೆಗೆಯಲು ಬರುವುದಿಲ್ಲ. ಆಟೋಗಳೆಲ್ಲ ಹೊರಟುಹೋಗಿ ಅಂಗಳ ಖಾಲಿಯಾಯಿತು. ಒಂದೇ ಏಟಿಗೆ, ಗೋಡೆಗೂ ತಾಗದೆ ಕಂಬಕ್ಕೂ ತಾಗದೆ, ನೆಟ್ಟಗೆ ಹಿಂದಕ್ಕೆ ತೆಗೆದೆ. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ಯಾರಾದರೂ ನೋಡುತ್ತಿರಬೇಕಿತ್ತು ಎನ್ನಿಸಿತು.