ಹುಟ್ಟುಹಬ್ಬದ ಫೋಟೋದಲ್ಲಿ ಒಂದು ನೆರಳು ಕಡಿಮೆ

ಫೋಟೋವನ್ನು ಓದುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡಲು ಬಲ್ಮಠದ ಕಾಲೇಜೊಂದರ ಉಪನ್ಯಾಸಕಿ ಕರೆದಾಗ ನಾನು ಸಂಭಾವನೆಯ ಮಾತೆತ್ತಲಿಲ್ಲ. ಮದುವೆ ಹಾಲ್‌ಗಳಲ್ಲಿ ಇನ್ನೊಬ್ಬರ ಲೈಟ್ ಹೊತ್ತು ಕೆಲಸ ಕಲಿತು, ಕೊಡಿಯಾಲ್‌ಬೈಲಿನಲ್ಲಿ ಸ್ವಂತ ಸ್ಟುಡಿಯೋ ಇಟ್ಟವನು ನಾನು. ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎಂಬುದು ಗೊತ್ತು. “ಪಾಠಕ್ಕೆ ಎಂತದೂ ಬೇಡ ಮೇಡಂ, ಕಾಲೇಜಿನ ಗ್ರೂಪ್ ಫೋಟೋ ತೆಗೆಸುವಾಗ ನಮ್ಮನ್ನು ಮರಿಬೇಡಿ” ಎಂದೆ. ಅವರು ನಕ್ಕು ಒಪ್ಪಿದರು. ಅಂದರೆ, ಆ ತರಗತಿಯಲ್ಲಿ ನಾನು ಪಾಠ ಹೇಳುತ್ತಲೇ ನನ್ನ ಅಂಗಡಿಯನ್ನೂ ತೆರೆದು ಕೂತಿದ್ದೆ.

ಪಾಠವೇನೋ ಚೆನ್ನಾಗಿಯೇ ನಡೆಯಿತು. ಬೆಳಕು ಎಲ್ಲಿಂದ ಬಂದಿದೆ ನೋಡಿ, ಯಾರ ಕೈ ಎಲ್ಲಿದೆ ನೋಡಿ, ಅಂಚಿನಲ್ಲಿ ಏನನ್ನು ಕತ್ತರಿಸಿದ್ದಾರೆ ನೋಡಿ, ಕೊನೆಗೆ ಇದನ್ನು ಯಾರಿಗೆ ತೋರಿಸಲು ತೆಗೆದರು ಎಂದು ಕೇಳಿಕೊಳ್ಳಿ ಎಂದೆ. ಪ್ರತಿಯೊಬ್ಬರೂ ಮನೆಯಿಂದ ಒಂದು ಫೋಟೋ ತರಬೇಕೆಂದು ಹೇಳಿದ್ದೂ ನಾನೇ. ಇಂಥ ಪಾಠ ಮಾಡಲು ಹೊರಟವರಿಗೆ ಒಂದು ಬುದ್ಧಿಮಾತು: ಪತ್ರಿಕೆಯ ಚಿತ್ರ ತರಿಸಿ, ಜಾಹೀರಾತು ತರಿಸಿ, ಮನೆಯ ಗೋಡೆಯ ಮೇಲಿನದ್ದಕ್ಕೆ ಮಾತ್ರ ಕೈಹಾಕಬೇಡಿ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಮೊದಲ ಹುಟ್ಟುಹಬ್ಬದ ಫೋಟೋ ತಂದಿದ್ದಳು. ಪ್ರೊಜೆಕ್ಟರಿಗೆ ಹಾಕಿದಾಗ ಪರದೆಯ ಮೇಲೆ ಕೇಕು, ಮಗುವನ್ನೆತ್ತಿಕೊಂಡ ತಾಯಿ, ಪಕ್ಕದಲ್ಲಿ ಅಜ್ಜಿ, ಹಿಂದೆ ದಪ್ಪ ಮೀಸೆಯ ತಂದೆ. “ಅಪ್ಪ ಆಗ ದುಬೈಯಲ್ಲಿದ್ರು ಸರ್. ನನ್ನ ಬರ್ತ್‌ಡೇಗೆ ಅಂತಲೇ ರಜೆ ಹಾಕಿ ಬಂದು, ಹಾಗೇ ವಾಪಸ್ ಹೋದದ್ದು. ಈ ಫೋಟೋದ ಅರ್ಥ ಅದೇ, ಅಪ್ಪ ಬಂದಿದ್ರು ಅಂತ” ಎಂದಳು.

ನನ್ನ ಕಣ್ಣು ಆಗಲೇ ಗೋಡೆಯ ಮೇಲಿತ್ತು. ತಾಯಿಯ ನೆರಳು, ಅಜ್ಜಿಯ ನೆರಳು ಎರಡೂ ಫ್ಲ್ಯಾಶಿಗೆ ಎಡಕ್ಕೆ ಬಿದ್ದಿದ್ದವು. ತಂದೆಗೆ ನೆರಳೇ ಇರಲಿಲ್ಲ. ಊರಿಗೆ ಬರಲಾಗದ ಗಲ್ಫಿನವರನ್ನು ಪಾಸ್‌ಪೋರ್ಟ್ ಫೋಟೋದಿಂದ ಕತ್ತರಿಸಿ ಮನೆಮಂದಿಯ ನಡುವೆ ಕೂರಿಸುವ ಕೆಲಸವನ್ನು ನಮ್ಮೂರಿನ ಸ್ಟುಡಿಯೋಗಳೆಲ್ಲ ಮಾಡಿವೆ, ನಾನೂ ಮಾಡಿದ್ದೇನೆ. ಯಾಕೆ ಮಾಡಿಸುತ್ತಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಆದರೂ ಬಾಯಿ ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿ ಉಪನ್ಯಾಸಕಿ ಕುಳಿತು ನೋಡುತ್ತಿದ್ದರಲ್ಲ!

“ಈಗ ನೋಡಿ ಮಜಾ. ಈ ಮನುಷ್ಯ ಅಲ್ಲಿ ಇರಲೇ ಇಲ್ಲ” ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ.

“ನೆರಳಿಲ್ಲ ಅಂದ್ರೆ ಪ್ರೇತವಾ ಸರ್?” ಎಂದು ಒಬ್ಬ ಕೂಗಿದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಹುಡುಗಿ ಪರದೆಯನ್ನೇ ನೋಡುತ್ತಾ ನಿಂತಿದ್ದಳು. ಕೂರು ಎಂದು ಹೇಳುವುದೂ ನನಗೆ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಸ್ಟುಡಿಯೋಗೆ ಒಬ್ಬರು ಬಂದರು. ಪಾಸ್‌ಪೋರ್ಟ್ ಫೋಟೋಗೆ ಇರಬೇಕೆಂದು ಸ್ಟೂಲು ತೋರಿಸಿದೆ. ಅವರು ಕೂರಲಿಲ್ಲ.

“ಕಾಲೇಜಿಗೆ ಪಾಠಕ್ಕೆ ಹೋದದ್ದು ನೀವೇ ಅಲ್ವಾ?”

“ಹೌದು. ಎಂತ ಆಗ್ಬೇಕಿತ್ತು?”

“ಆ ನೆರಳಿಲ್ಲದವ ನಾನೇ.”

ಮೀಸೆ ಬೆಳ್ಳಗಾಗಿತ್ತು. ಈಗ ಶಕ್ತಿನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಂತೆ. ಬೈಯಲು ಬಂದಿದ್ದರೆ ನನಗೆ ಸುಲಭವಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ಅಭ್ಯಾಸವಿದೆ.

“ರಜೆ ಸಿಗ್ಲಿಲ್ಲ ಮಾರಾಯ್ರೆ. ನೆಂಟರ ಬಾಯಿ ಮುಚ್ಚಿಸ್ಲಿಕ್ಕೆ ನನ್ನ ಹೆಂಡತಿ ಹಾಗೆ ಮಾಡಿಸಿದ್ದು. ಮಗಳು ಸಣ್ಣವಳಿರುವಾಗ ದಿನಾ ಕೇಳುವುದು, ಅಪ್ಪಾ, ಆ ದಿವಸ ನಾನು ಎಂತ ಮಾಡಿದೆ ಅಂತ. ನಾನು ಎಂತ ಹೇಳುವುದು? ಕೇಕಿನ ಕ್ರೀಮು ತೆಗೆದು ನನ್ನ ಮೀಸೆಗೆ ಹಚ್ಚಿದಿ ಅಂದೆ. ಮೊಂಬತ್ತಿ ನೋಡಿ ಕೂಗಿದಿ ಅಂದೆ. ಕತೆ ಹಾಗೇ ಬೆಳೀತು. ಈಗ ನಾನು ಎಂತ ಹೇಳಿದ್ರೂ ‘ಹೌದಾ ಅಪ್ಪ?’ ಅಂತ ಕೇಳ್ತಾಳೆ. ಊಟ ಆಯ್ತು ಅಂದ್ರೂ ಹೌದಾ ಅಂತಾಳೆ.”

ಅವಸರದಲ್ಲಿ ನಾನು ನನಗೆ ಗೊತ್ತಿರುವ ಒಂದೇ ಪರಿಹಾರಕ್ಕೆ ಕೈಹಾಕಿದೆ. “ಫೋಟೋ ಕೊಡಿ, ಫಸ್ಟ್‌ಕ್ಲಾಸ್ ಮಾಡಿ ಕೊಡ್ತೇನೆ. ನೆರಳು ಸಹ ಹಾಕ್ತೇನೆ, ಯಾರಪ್ಪನಿಗೂ ಗೊತ್ತಾಗುದಿಲ್ಲ.”

“ನೆರಳು ಹಾಕಿದ್ರೆ ನಾನು ಆ ದಿವಸ ಮನೆಗೆ ಮುಟ್ತೇನಾ?” ಎಂದರು. ಆಮೇಲೆ ಮೆಲ್ಲಗೆ, “ನೀವು ಇನ್ನೊಮ್ಮೆ ಹೋಗಿ, ನೋಡಿದ್ದು ತಪ್ಪಾಯ್ತು ಅಂತ ಹೇಳಿ. ನಿಮ್ಮ ಮಾತಾದ್ರೆ ನಂಬ್ತಾಳೆ.”

ಹೋದೆ. ಎಲ್ಲರ ಎದುರು ನನ್ನ ಓದು ತಪ್ಪಿತ್ತು ಎಂದೆ. ಎರಡು ಫ್ಲ್ಯಾಶ್ ಬಳಸಿದ್ದಾರೆ, ಒಂದರ ಬೆಳಕು ಗೋಡೆಗೆ ಬಿದ್ದು ಹಿಂದೆ ನಿಂತವರ ನೆರಳನ್ನು ಅಳಿಸಿದೆ ಎಂದು ವಿವರಿಸಿದೆ. “ಹಾಗಾದ್ರೆ ಪ್ರೇತಕ್ಕೆ ಜೀವ ಬಂತು!” ಎಂದ ಅದೇ ಹುಡುಗ. ಉಪನ್ಯಾಸಕಿಯ ಹುಬ್ಬು ಮೇಲೇರಿತು. ಗ್ರೂಪ್ ಫೋಟೋ ಕೈತಪ್ಪಿತು ಎಂಬ ಲೆಕ್ಕ ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡಿತು. ಅದಕ್ಕೂ ನಾಚಿಕೆಯಾಗುತ್ತದೆ.

ತರಗತಿ ಮುಗಿದ ಮೇಲೆ ಹುಡುಗಿ ಮೆಟ್ಟಿಲ ಬಳಿ ನನ್ನನ್ನು ಹಿಡಿದಳು.

“ಸರ್, ಎರಡು ಫ್ಲ್ಯಾಶ್ ಇದ್ರೆ ಅಮ್ಮನಿಗೆ ಎರಡು ನೆರಳು ಬೇಕಲ್ವಾ? ಒಂದೇ ಉಂಟು.”

ನಾನು ಕಲಿಸಿದ್ದನ್ನೇ ಕಲಿತಿದ್ದಳು.

“ಅಪ್ಪ ಬಂದಿದ್ರಾ ನಿಮ್ಮ ಹತ್ರ?”

ನಾನು ಚೀಲದ ಜಿಪ್ ಎಳೆಯತೊಡಗಿದೆ.

“ನಾನು ನಂಬಿದೆ ಅಂತ ಅವರಿಗೆ ಹೇಳಿ ಸರ್.”

“ನೀನೇ ಹೇಳು ಮಗಾ, ಅದು ಚಂದ.”

“ನನಗೆ ಹಾಗೆ ಮುಖ ನೋಡಿ ಹೇಳ್ಲಿಕ್ಕೆ ಬರುದಿಲ್ಲ. ನಿಮಗೆ ಬರ್ತದೆ” ಎಂದಳು. ಚುಚ್ಚಲು ಹೇಳಿದ ಮಾತಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು.

ಗೇಟಿನ ಹೊರಗೆ, ಬಸ್ಸುಗಳ ಹಾರ್ನಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ಅವಳ ಅಪ್ಪನಿಗೆ ಫೋನ್ ಮಾಡಿದೆ.

“ನಂಬಿದಳಾ?” ಎಂದು ಕೇಳಿದರು.

“ನಂಬಿದಳು” ಎಂದೆ. ಅಂಗಡಿಯಲ್ಲಿ ಗಿರಾಕಿಗೆ ‘ಬಣ್ಣ ಹೋಗುವುದಿಲ್ಲ’ ಎನ್ನುವಾಗಿನ ಧ್ವನಿ ಎಲ್ಲೂ ತಡವರಿಸದೆ ಬಂತು.

“ದೊಡ್ಡ ಉಪಕಾರ ಆಯ್ತು ಮಾರಾಯ್ರೆ” ಎಂದರು ಅವರು. ಇನ್ನೂ ಏನೋ ಹೇಳುತ್ತಿದ್ದರು. ಸಿಗ್ನಲ್ ಇಲ್ಲವೆಂಬಂತೆ ಹಲೋ ಹಲೋ ಎನ್ನುತ್ತಾ ಫೋನ್ ಇಟ್ಟುಬಿಟ್ಟೆ.