ಗುಡೇಕೋಟೆ ಗುಡ್ಡದ ಕೆಂಪು ಮರ

ಇದು 2023ರ ಮಾತು. ಸಂಕ್ರಾಂತಿ ಮುಗಿದಿತ್ತು, ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಆ ನಡುವಿನ ಒಂದು ಭಾನುವಾರ ನಾನು, ನಮ್ಮ ಯಜಮಾನರು ಗುಡೇಕೋಟೆಯ ಗುಡ್ಡಕ್ಕೆ ಹೋಗಿದ್ದೆವು. ಹೋಗಿದ್ದು ಎಲೆಗಳ ಬಣ್ಣ ನೋಡಲಿಕ್ಕೆ. ಕೇಳಿದವರು ಈಗಲೂ ನಗುತ್ತಾರೆ.

ಕೊಟ್ಟೂರಿನಲ್ಲಿ ನನ್ನದೊಂದು ಸಣ್ಣ ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲು, ದಾರದ ಉಂಡೆ ಮಾರುತ್ತೇನೆ. ಬಣ್ಣದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇದೆ. ಸೀರೆಯ ಅಂಚು ಕಂಡರೆ ಸಾಕು, ಹೊಂದುವ ಬಟ್ಟೆ ಇರುವ ಕಪಾಟಿನ ಕಡೆ ಕೈ ತಾನಾಗಿ ಹೋಗುತ್ತದೆ. ಪಕ್ಕದ ಮಳಿಗೆಯಲ್ಲಿ ನಮ್ಮ ಯಜಮಾನರದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳನ್ನೆಲ್ಲ ಅವರ ಹತ್ತಿರ ತರುತ್ತಾರೆ. ಕೆಲಸದಲ್ಲಿ ಅಚ್ಚುಕಟ್ಟು, ಮಾತು ಕಡಿಮೆ. ನಾನು ಹತ್ತು ಮಾತಾಡಿದರೆ ಅವರದು ಒಂದು "ಹೂಂ".

ದಾವಣಗೆರೆಯಲ್ಲಿ ಓದುತ್ತಿದ್ದ ನಮ್ಮ ಮಗಳು ಹಬ್ಬಕ್ಕೆ ಬಂದಾಗ ಮೊಬೈಲಿನಲ್ಲಿ ಕಾಶ್ಮೀರದ ಮರಗಳನ್ನು ತೋರಿಸಿದ್ದಳು. ಬೆಂಕಿ ಹತ್ತಿದ ಹಾಗೆ ಕೆಂಪು, ಕೇಸರಿ, ಅರಿಶಿನ. ಅಷ್ಟು ದೂರ ನಾವು ಯಾವಾಗ ಹೋಗಬೇಕು ಅಂದುಕೊಂಡು ಸುಮ್ಮನಿದ್ದೆ. ಗುಡೇಕೋಟೆಯ ಕಡೆ ಶಾಲೆಯಲ್ಲಿ ಕೆಲಸ ಮಾಡುವ ಟೀಚರೊಬ್ಬರು ಅಂಗಡಿಗೆ ಬಂದಾಗ ಈ ಮಾತು ಬಂತು. ಅವರು ನಕ್ಕುಬಿಟ್ಟರು.

"ಅದಕ್ಕ ಕಾಶ್ಮೀರ ಯಾಕ ಬೇಕ್ರಿ? ನಮ್ಮ ಗುಡ್ಡಕ್ಕ ಬರ್ರಿ. ಸಂಕ್ರಾಂತಿ ಆದಮ್ಯಾಲೆ ದಿಂಡಿಗದ ಗಿಡ ಹೆಂಗ ಕೆಂಪಗ ಆಗಿರ್ತಾವ ನೋಡ್ರಿ. ಶಿವರಾತ್ರಿ ತನಕ ಕುಂತ್ರ ಉದುರಿ ಬೋಳಾಗ್ತಾವ. ಬಿಸಲು ಓರೆ ಆದ ಮ್ಯಾಲೆ ನೋಡಬೇಕು. ನಡು ಮಧ್ಯಾಹ್ನ ಏನೂ ಕಾಣಂಗಿಲ್ಲ. ಆದ್ರ ಹೊತ್ತು ಮುಳುಗೋದ್ರಾಗ ಕೆಳಗ ಇಳೀರಿ, ಕರಡಿ ಅದಾವ."

ಯಜಮಾನರಿಗೆ ಹೇಳಿದೆ. "ಎಲಿ ನೋಡಾಕ ಅಷ್ಟು ದೂರ ಹೋಗಬೇಕೇನು?" ಅಂದರು. ನಾನು ಮುಖ ಸಣ್ಣದು ಮಾಡಿಕೊಂಡಿದ್ದು ನೋಡಿ, "ಆತು, ಭಾನುವಾರ ಹೋಗೋಣ" ಅಂತ ಒಪ್ಪಿದರು.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬೈಕಿನಲ್ಲಿ ಹೊರಟೆವು. ಕೂಡ್ಲಿಗಿ ದಾಟಿದ ಮೇಲೆ ಹೊಲಗಳು ಕಡಿಮೆಯಾಗಿ ಬಂಡೆಗಳು ಹೆಚ್ಚಾದವು. ದಾರಿಯಲ್ಲಿ ಒಂದು ಮುತ್ತುಗದ ಮರ ಆಗಲೇ ಹೂ ಬಿಡಲು ಶುರು ಮಾಡಿತ್ತು. "ಅಲ್ಲಿ ನೋಡ್ರಿ, ಮುತ್ತುಗ!" ಅಂತ ಅವರ ಹೆಗಲು ತಟ್ಟಿದೆ. "ಹೂಂ" ಅಂದರು. ತಿರುಗಿ ಕೂಡ ನೋಡಲಿಲ್ಲ. ಗಾಡಿ ಓಡಿಸುತ್ತಿದ್ದಾರೆ ಬಿಡು ಅಂದುಕೊಂಡೆ.

ಊರಾಚೆ ಬಂಡಿದಾರಿ ಮುಗಿಯುವಲ್ಲಿ ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿ ಗುಡ್ಡ ಹತ್ತಿದೆವು. ಟೀಚರು ಹೇಳಿದ್ದು ಸುಳ್ಳಾಗಿರಲಿಲ್ಲ. ಕುರುಚಲು ಗಿಡಗಳು ಇನ್ನೂ ಹಸಿರಾಗಿದ್ದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕೆಲವು ಅರಿಶಿನ, ಕೆಲವು ಹಣ್ಣಾದ ಬೋರೆಯ ಬಣ್ಣ. ಕಾಶ್ಮೀರದ ಫೋಟೊದ ಹಾಗೆ ಗುಡ್ಡವಿಡೀ ಉರಿಯುತ್ತಿರಲಿಲ್ಲ ನಿಜ. ಆದರೂ ಬೂದು ಬಂಡೆಗಳ ನಡುವೆ ಆ ಒಂದೊಂದೇ ಕೆಂಪು ಎಷ್ಟು ಚಂದ ಕಾಣುತ್ತಿತ್ತು ಅಂದರೆ, ನಾನು ಯಜಮಾನರ ಫೋನು ಕಿತ್ತುಕೊಂಡು ಫೋಟೊ ಹೊಡೆಯತೊಡಗಿದೆ. ನನ್ನ ಫೋನು ಹಳೆಯದು, ಅದನ್ನು ಮನೆಯಲ್ಲೇ ಬಿಟ್ಟುಬಂದಿದ್ದೆ.

ಒಂದು ಬಂಡೆಯ ನೆರಳಿನಲ್ಲಿ ಊಟ ಮಾಡಿದೆವು. ಅವರು ಅಲ್ಲೇ ಸ್ವಲ್ಪ ಹೊತ್ತು ಒರಗಿದರು. ಬಿಸಿಲು ಓರೆಯಾಗುವ ಹೊತ್ತಿಗೆ ನೀರು ಖಾಲಿಯಾಗಿತ್ತು. ಇನ್ನೊಂದು ಬಾಟಲಿ ಬೈಕಿನ ಚೀಲದಲ್ಲಿ ಉಳಿದಿತ್ತು.

"ನೀ ಇಲ್ಲೇ ಇರು, ತರ್ತೀನಿ" ಅಂತ ಅವರು ಎದ್ದರು.

ಎದುರಿನ ಇಳಿಜಾರಿನಲ್ಲಿ ಒಂದು ಮರವಿತ್ತು. ಸುತ್ತ ಎಲ್ಲ ಹಸಿರು, ಅದೊಂದೇ ಮರ ಕುಂಕುಮ ಸುರಿದ ಹಾಗೆ ಕೆಂಪು. ನನಗೆ ಅದರ ಹತ್ತಿರ ಹೋಗುವ ಆಸೆ.

"ನಾನು ಅಲ್ಲಿಗೆ ಹೋಗಿರ್ತೀನ್ರಿ. ಆ ಕೆಂಪು ಮರದ ಕೆಳಗ ಕುಂತಿರ್ತೀನಿ, ಅಲ್ಲಿಗೇ ಬರ್ರಿ" ಅಂತ ಕೈ ತೋರಿಸಿದೆ.

ಅವರು ಆ ಕಡೆ ಸ್ವಲ್ಪ ಹೊತ್ತು ನೋಡಿದರು. "ಆತು" ಅಂದು ಇಳಿದು ಹೋದರು.

ನಾನು ತಗ್ಗು ದಾಟಿ ಮರದ ಹತ್ತಿರ ಹೋದೆ. ಕೆಳಗೆ ಕುಳಿತು ಮೇಲೆ ನೋಡಿದರೆ ಬಿಸಿಲು ಎಲೆಗಳನ್ನು ದಾಟಿ ಬರುತ್ತಿತ್ತು. ಗಾಳಿ ಬಂದಾಗ ಒಂದೆರಡು ಎಲೆ ಸುತ್ತುತ್ತಾ ಮಡಿಲಿಗೆ ಬೀಳುತ್ತಿದ್ದವು. ಅಷ್ಟು ನೆಮ್ಮದಿಯಿಂದ ನಾನು ಒಬ್ಬಳೇ ಕುಳಿತು ಎಷ್ಟು ವರ್ಷವಾಗಿತ್ತೋ.

ಆದರೆ ಅವರು ಬರಲಿಲ್ಲ. ಬೈಕಿನ ತನಕ ಹೋಗಿಬರಲು ಅಷ್ಟೇನೂ ಹೊತ್ತು ಬೇಕಿರಲಿಲ್ಲ. ಮೊದಲು ಯಾರೋ ಪರಿಚಯದವರು ಸಿಕ್ಕಿರಬೇಕು ಅಂದುಕೊಂಡೆ. ಆಮೇಲೆ ಗಾಡಿ ಪಂಕ್ಚರ್ ಆಗಿರಬೇಕು ಅಂದುಕೊಂಡೆ. ಬಂಡೆಗಳ ನೆರಳು ಉದ್ದವಾಗುತ್ತಾ ಬಂತು. ಅವರ ಫೋನು ನನ್ನ ಕೈಯಲ್ಲೇ ಇತ್ತು, ಅದರಲ್ಲಿ ಸಿಗ್ನಲ್ಲೂ ಇರಲಿಲ್ಲ. ಎದ್ದು ಹೋಗೋಣವೆಂದರೆ, ನಾನು ಆ ಕಡೆ ಹೋದಾಗ ಅವರು ಈ ಕಡೆ ಬಂದರೆ? ಅಲ್ಲೇ ನಿಂತು "ರೀ... ರೀ..." ಅಂತ ಕೂಗಿದೆ. ನನ್ನ ದನಿ ಬಂಡೆಗೆ ಬಡಿದು ವಾಪಸ್ ಬಂತು.

ಮೇಲಿನಿಂದ ಆಡುಗಳ ಸದ್ದು ಕೇಳಿಸಿತು. ಹಿಂದೆಯೇ ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ಹೆಂಗಸು ಇಳಿದು ಬಂದಳು. ನನಗಿಂತ ಹಿರಿಯಳು, ಕೈಯಲ್ಲಿ ಉದ್ದನೆಯ ಕೋಲು.

"ಯಾಕವ್ವಾ ಒಬ್ಬಾಕೀನ ಕುಂತೀದಿ? ಹೊತ್ತು ಇಳೀತು. ಇದು ಕರಡಿ ಹೊರಗ ಬೀಳೋ ಹೊತ್ತು" ಅಂದಳು.

ನಾನು ವಿಷಯ ಹೇಳಿದೆ.

"ಬಿಳಿ ಅಂಗಿ, ಕೈಯಾಗ ಬಾಟ್ಲಿ? ನೋಡೀನಲ್ಲ. ಆಗಲೇ ಆ ಕೆಳಗಿನ ತಗ್ಗಿನಾಗ ಹಾದು ಹೋದ. ಏನೋ ಕಳಕೊಂಡೋರಂಗ ಗಿಡ ಗಿಡ ನೋಡ್ಕೊಂತ ಹೊಂಟಿದ್ದ. ಆ ದೊಡ್ಡ ಬಂಡೆಗಲ್ಲಿನ ಕಡೆ ಹೋಗ್ಯಾನ."

ಅವಳು ಕೋಲು ತೋರಿಸಿದ ಕಡೆ ನೋಡಿದೆ. ಒಂದರ ಮೇಲೊಂದು ಬಿದ್ದ ದೊಡ್ಡ ಬಂಡೆಗಳು, ನಡುವೆ ಕಪ್ಪು ಸಂದುಗಳು. ಕರಡಿಗಳು ಹಗಲು ಮಲಗುವುದು ಅಂಥ ಕಡೆಯೇ. ನಾನು ಓಡಲು ಹೊರಟೆ. ಅವಳು ಕೋಲು ಅಡ್ಡ ಹಿಡಿದಳು.

"ನೀ ಹೋಗಬ್ಯಾಡ. ಇಲ್ಲಿ ನಿಂತು ಕೂಗು. ಮಂದಿ ದನಿ ಕೇಳಿದ್ರ ಕರಡಿ ಸರದು ಹೋಗತೈತಿ. ನಿನ್ನ ಗಂಡಗೂ ದಾರಿ ತಿಳೀತೈತಿ."

ನಾನು ಮತ್ತೆ "ರೀ..." ಅಂದೆ.

"'ರೀ' ಅಂದ್ರ ಗುಡ್ಡದಾಗ ಯಾರಿಗೆ ತಿಳೀಬೇಕು? ಹೆಸರು ಹಿಡಿದು ಕೂಗವ್ವಾ!"

ನಮಗೆ ಮದುವೆಯಾಗಿ, ಹುಟ್ಟಿದ ಮಗಳೂ ಕಾಲೇಜಿಗೆ ಹೋಗುವಷ್ಟು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರ ಹೆಸರನ್ನು ನಾನು ಎದುರಿಗೂ ಹಿಂದೆಯೂ ಬಾಯಿಬಿಟ್ಟು ಹೇಳಿದ್ದಿಲ್ಲ. ಬ್ಯಾಂಕಿನಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಆ ಹೊತ್ತಿನಲ್ಲಿ ಯಾವ ನಾಚಿಕೆಯೂ ಉಳಿಯಲಿಲ್ಲ. ಎರಡೂ ಕೈ ಬಾಯಿಯ ಪಕ್ಕ ಹಿಡಿದು, "ಕೊಟ್ರೇಶಾ...!" ಅಂತ ಕೂಗಿದೆ. ಆಡಿನ ಹೆಂಗಸೂ ನನ್ನ ಜೊತೆ "ಏ ಕೊಟ್ರೇಶಪ್ಪಾ...!" ಅಂತ ಕೂಗಿದಳು. ಇಬ್ಬರೂ ಎಷ್ಟು ಸಲ ಕೂಗಿದೆವೋ ಗೊತ್ತಿಲ್ಲ. ಕೊನೆಗೆ ಬಂಡೆಗಳ ಆ ಬದಿಯಿಂದ "ಓ...!" ಅಂತ ಕೇಳಿಸಿತು. ನಾವು ಕೂಗುತ್ತಲೇ ಇದ್ದೆವು.

ಅವರು ಬಂಡೆಗಳನ್ನು ಸುತ್ತಿ, ನಮ್ಮ ದನಿಯ ಜಾಡು ಹಿಡಿದು ಬಂದರು. ಅಂಗಿಯ ತೋಳು ಮುಳ್ಳಿಗೆ ಸಿಕ್ಕಿ ಹರಿದಿತ್ತು. ಮುಖ ಬಿಳುಚಿಕೊಂಡಿತ್ತು. ನೀರಿನ ಬಾಟಲಿ ಮಾತ್ರ ಕೈಯಲ್ಲಿ ಹಾಗೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ.

"ಕರಡಿ ಇತ್ತು" ಅಂದರು. "ಮರಿ ಕಟ್ಟಿಕೊಂಡು ಹುತ್ತ ಕೆದರಾಕತ್ತಿತ್ತು. ಇಷ್ಟೇ ದೂರ. ಹಿಂದಕ್ಕ ಹೆಜ್ಜಿ ಇಟ್ಟು ಬಂಡೆಗಲ್ಲಿನ ಹಿಂದ ನಿಂತೆ. ಉಸುರು ಬಿಡಾಕೂ ಅಂಜಿಕಿ. ನಿಮ್ಮ ದನಿ ಕೇಳಿ ಅದು ಮರಿ ಕರಕೊಂಡು ಕೆಳಗ ಇಳೀತು."

ಭಯ ಇಳಿದ ಕೂಡಲೇ ನನಗೆ ಸಿಟ್ಟು ಬಂತು. "ಅಲ್ಲಿಗೆ ಯಾಕ ಹೋಗಿದ್ರಿ? ಇಷ್ಟು ದೊಡ್ಡ ಕೆಂಪು ಮರ ಕಣ್ಣಿಗೆ ಬೀಳಲಿಲ್ಲೇನು?" ಅಂತ ಅವಳ ಎದುರಿಗೇ ಗದರಿದೆ.

ಆಡಿನ ಹೆಂಗಸೂ, "ಹೌದಪಾ, ಊರಾಗ ನಿಂತ್ರೂ ಕಾಣತೈತಿ ಈ ಗಿಡ" ಅಂದಳು.

ಅವರು ಮರದ ಕಡೆ ನೋಡಿದರು. ಮತ್ತೆ ಸುತ್ತಲಿನ ಹಸಿರು ಗಿಡಗಳನ್ನು ನೋಡಿದರು.

"ಗೌರೀ, ನನಗ ಎಲ್ಲಾ ಗಿಡಾನೂ ಒಂದೇ ಬಣ್ಣ ಕಾಣ್ತಾವ" ಅಂದರು. "ಕೆಂಪು ಯಾವುದು, ಹಸರು ಯಾವುದು, ನನಗ ತಿಳಿಯಂಗಿಲ್ಲ. ಹುಟ್ಟಿದಾಗಿಂದ ಹಂಗ."

ಆಡಿನ ಹೆಂಗಸು ಒಂದು ಕ್ಷಣ ಅವರ ಮುಖ, ಒಂದು ಕ್ಷಣ ನನ್ನ ಮುಖ ನೋಡಿದಳು. "ಇರ್ಲಿ ಬಿಡವ್ವಾ, ನಿನ್ನ ದನಿ ತಿಳೀತಲ್ಲ. ನಡೀರಿ, ಗಾಡಿ ತನಕ ಬರ್ತೀನಿ" ಅಂತ ಆಡುಗಳನ್ನು ತಿರುಗಿಸಿದಳು. ದಾರಿಯುದ್ದಕ್ಕೂ ತನ್ನ ಆಡುಗಳ ಮಾತೇ ಆಡಿದಳು, ಆ ವಿಷಯ ಮತ್ತೆ ಎತ್ತಲಿಲ್ಲ. ಬೈಕಿನ ಹತ್ತಿರ ನಾನು ಉಳಿದ ರೊಟ್ಟಿಯ ಗಂಟು ಕೊಟ್ಟೆ. ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅವಸರದಲ್ಲಿ ಅವಳ ಹೆಸರು ಕೇಳಲೇ ಇಲ್ಲ.

ಕೂಡ್ಲಿಗಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದೆವು. ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಕುಳಿತು ಅವರು ತಾವಾಗಿಯೇ ಹೇಳಿದರು. ಹುಡುಗರಾಗಿದ್ದಾಗ ಬಸ್ ಡ್ರೈವರ್ ಆಗಬೇಕೆಂದು ಬಹಳ ಆಸೆಯಿತ್ತಂತೆ. ಗಾಡಿ ಓಡಿಸಿ ತೋರಿಸಿದ್ದಾಯಿತು, ಎಲ್ಲ ಆಯಿತು, ಕೊನೆಗೆ ಕಣ್ಣಿನ ಪರೀಕ್ಷೆ. ಬಣ್ಣದ ಚುಕ್ಕಿಗಳ ಹಾಳೆ ಹಿಡಿದು ಡಾಕ್ಟರು, ಇದರಲ್ಲಿ ಯಾವ ಅಂಕಿ ಇದೆ ಅಂದರಂತೆ.

"ಎಲ್ಲಾರೂ ಓದಿ ಹೇಳಿದ್ರು. ನನಗ ಬರೇ ಚುಕ್ಕಿ. ಅವ್ವ ಅಂದ್ಲು, ಯಾರ ಮುಂದೂ ಬಾಯಿ ಬಿಡಬ್ಯಾಡ, ಕಣ್ಣಿನ ದೋಷ ಅಂದ್ರ ಹೆಣ್ಣು ಕೊಡಂಗಿಲ್ಲ ಅಂತ. ಆಮ್ಯಾಲೆ ನಿನಗ ಹೇಳಬೇಕು ಅಂತ ಬಾಳ ಸಲ ಅನಿಸೇತಿ. ನೀ ಬಣ್ಣದ ಅಂಗಡಿ ಇಟ್ಟಾಕಿ. ಹೆಂಗ ಹೇಳ್ಲಿ?"

ನನ್ನ ಕೈಯಲ್ಲಿದ್ದ ಚಹಾ ಆರಿತು. ಒಂದೊಂದೇ ನೆನಪಾಗುತ್ತಾ ಹೋಯಿತು. ಮದುವೆಯ ದಿನ ನನ್ನ ಕೈಯ ಮದರಂಗಿ ಎಷ್ಟು ಕೆಂಪಾಗಿದೆ ಎಂದು ಎಲ್ಲರೂ ಹೇಳಿದರು, ಇವರೊಬ್ಬರು ಏನೂ ಅನ್ನಲಿಲ್ಲ. ಅದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಸಂತೆಗೆ ಕಳಿಸಿದರೆ ಕಾಯಿ ಟೊಮೆಟೊ ತರುತ್ತಿದ್ದರು. ಹೊಸ ಸೀರೆ ಉಟ್ಟು ನಿಂತರೆ "ಚಲೋ ಐತಿ" ಅನ್ನುತ್ತಿದ್ದರು, ಯಾವ ಸೀರೆಗೂ ಅದೇ ಮಾತು. ನನ್ನ ಮೇಲೆ ಗಮನವೇ ಇಲ್ಲ ಅಂದುಕೊಳ್ಳುತ್ತಿದ್ದೆ. ಆದರೆ ನಾನು ಹೊಲಿಗೆ ಮಿಷನ್ ಮುಂದೆ ಕುಳಿತು ಮರೂನ್ ದಾರ ಕೇಳಿದರೆ ಮರೂನ್ ದಾರವನ್ನೇ ತಂದುಕೊಡುತ್ತಿದ್ದರಲ್ಲ?

"ಅದು ಹೆಂಗ್ರಿ?" ಅಂತ ಕೇಳಿದೆ.

"ಉಂಡಿ ಮ್ಯಾಲೆ ನಂಬರ್ ಇರತಾವಲ್ಲ. ಬಾಯಿಪಾಠ ಮಾಡೀನಿ" ಅಂದರು.

ಅಂಗಡಿಯಲ್ಲಿ ಎಷ್ಟು ಬಣ್ಣದ ದಾರಗಳಿವೆ ಅಂತ ನನಗೆ ಗೊತ್ತು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಹೋಟೆಲಿನವನು ಏನಾಯಿತೋ ಎಂದು ನೀರು ತಂದಿಟ್ಟ. ಅವರು ಗಾಬರಿಯಾಗಿ, "ಇನ್ನೊಂದು ಚಾ ಹೇಳ್ಲೇನು?" ಅಂತ ಕೇಳಿದರು. ಅಳುವಿನ ನಡುವೆಯೇ ನನಗೆ ನಗು ಬಂತು.

ಮಾರನೆಯ ವರ್ಷ ಅದೇ ದಿನಗಳಲ್ಲಿ, "ಗುಡ್ಡಕ್ಕ ಹೋಗೋಣೇನು?" ಅಂತ ಅವರೇ ಕೇಳಿದರು. ಈ ಸಲ ಬೇಗ ಹೋಗಿ, ಊರಿಗೆ ಹತ್ತಿರದ ದಾರಿ ಬಿಟ್ಟು ಆಚೆ ಹೋಗಲಿಲ್ಲ. ಆಡಿನ ಹೆಂಗಸು ಎಲ್ಲೂ ಕಾಣಲಿಲ್ಲ. ನಾನು ಎಲೆಗಳನ್ನು ನೋಡಿ ಹಿಗ್ಗಿದರೂ ಬಾಯಿ ಬಿಡದೆ ನಡೆಯುತ್ತಿದ್ದೆ. ಅವರು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಸದ್ದು ಮಾಡಬ್ಯಾಡ. ಅಲ್ಲಿ ಹಕ್ಕಿ ಕುಂತೈತಿ ನೋಡು."

ನಾನು ನೋಡಿದೆ. ನೆಲದ ಮೇಲೆ ಒಣ ಎಲೆ, ಕಲ್ಲು, ಕಡ್ಡಿ ಬಿಟ್ಟರೆ ಏನೂ ಇಲ್ಲ.

"ಎಲ್ಲಿ?"

"ಅಲ್ಲೇ, ನಿನ್ನ ಮುಂದ. ಆ ಸೀಳಿದ ಕಲ್ಲಿನ ಬಾಜೂಕ. ಬಣ್ಣ ಬಿಡು, ಆಕಾರ ನೋಡು."

ನಾನು ಬಗ್ಗಿ ನೋಡಿದೆ, ಕಣ್ಣು ಕಿರಿದು ಮಾಡಿ ನೋಡಿದೆ. ಕಾಣಲೇ ಇಲ್ಲ. ಅವರು ಸಿಡುಕಲಿಲ್ಲ, ಅವಸರ ಮಾಡಲಿಲ್ಲ. ನನ್ನ ತೋರುಬೆರಳನ್ನು ಹಿಡಿದು ಮೆಲ್ಲಗೆ ಅತ್ತ ತಿರುಗಿಸಿ, "ಇಲ್ಲಿ ತಲಿ, ಇಲ್ಲಿ ರೆಕ್ಕಿ" ಅಂತ ಗಾಳಿಯಲ್ಲಿ ಬರೆದು ತೋರಿಸಿದರು. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ತರಗೆಲೆಗಳ ನಡುವೆ ಒಂದು ಎಲೆ ಕಣ್ಣು ಮಿಟುಕಿಸಿತು. ಆಗ ಅದರ ಸುತ್ತ ಇಡೀ ಹಕ್ಕಿ ನನಗೆ ಕಾಣಿಸಿತು.

"ಕಾಣ್ತಾ?" ಅಂದರು.

"ಹೂಂ" ಅಂದೆ. ಅವರು ಬೆರಳು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಹಕ್ಕಿ ಹಾರಿಹೋಗುವ ತನಕ ಹಾಗೇ ನಿಂತಿದ್ದೆವು.